ಮೂರು ಪಾಯಿಂಟ್ ತಡವಾದ ಗಂಟೆ

ವಾರದ ದಿನಗಳಲ್ಲಿ ನಾನು ಮುಂಬೈಯ ಮಾಟುಂಗದಲ್ಲಿ ಲೆಕ್ಕ ಬರೆಯುತ್ತೇನೆ. ಶನಿವಾರ, ಭಾನುವಾರ ಸಂಜೆ ಮುಲುಂಡ್ ಕಡೆಯ ಒಂದು ಮೈದಾನದಲ್ಲಿ ವಾಲಿಬಾಲ್ ಸ್ಕೋರರ್. ಪುರುಷರ ಕ್ಲಬ್ ಲೀಗ್. ಮಳೆ ನಿಂತ ಮೇಲೆ ಶುರುವಾಗಿ, ಬಿಸಿಲು ಜಾಸ್ತಿಯಾಗುವ ಮೊದಲು ಮುಗಿಯುತ್ತದೆ. ಮ್ಯಾಚಿಗೆ ಇಷ್ಟು ಅಂತ ದುಡ್ಡು ಕೊಡುತ್ತಾರೆ. ಇದು ನನ್ನ ಮೊದಲ ಸೀಸನ್ನಿನ ಮಾತು.

ಪಾಯಿಂಟ್ ಬರೆಯುವುದು ಸುಲಭ. ಕಷ್ಟ ಇರುವುದು ಸರ್ವ್ ಸರದಿ ಕಾಯುವುದರಲ್ಲಿ. ಪ್ರತಿ ಸೆಟ್ಟಿಗೂ ಮೊದಲು ಕೋಚ್ ಆರು ಜನರ ನಂಬರ್ ಬರೆದು ಲೈನಪ್ ಚೀಟಿ ಕೊಡುತ್ತಾರೆ. ಎದುರಾಳಿಯಿಂದ ಸರ್ವ್ ಗೆದ್ದಾಗಲೆಲ್ಲ ತಂಡ ಒಂದೊಂದು ಜಾಗ ತಿರುಗಬೇಕು. ತಿರುಗದೆ ಬೇರೆಯವನು ಸರ್ವ್ ಮಾಡಿದರೆ ತಪ್ಪು. ಅದನ್ನು ನಾನು ಮೊದಲೇ ಹೇಳುವಂತಿಲ್ಲ. ಅವನ ಕೈ ಚೆಂಡಿಗೆ ತಾಗಿದ ಕೂಡಲೇ ಗಂಟೆ ಹೊಡೆಯಬೇಕು.

ಡಿಸೆಂಬರಿನ ಒಂದು ಶನಿವಾರ. ಒಂದು ತಂಡದಲ್ಲಿ ಹೆಚ್ಚಿನವರು ಕುಂದಾಪುರ, ಉಡುಪಿ ಕಡೆಯ ಹುಡುಗರು. ಹೋಟೆಲು, ಕ್ಯಾಂಟೀನುಗಳಲ್ಲಿ ಬೆಳಿಗ್ಗೆ ಐದಕ್ಕೇ ಕೆಲಸ ಹಿಡಿದು, ಮುಗಿಸಿ, ಲೋಕಲ್ಲಿನಲ್ಲಿ ನಿಂತು ಬಂದವರು. ಮೂರನೇ ಸೆಟ್, 17-18. ಅವರು ಸರ್ವ್ ಗೆದ್ದು 18-18 ಮಾಡಿದರು. ನನ್ನ ಶೀಟಿನ ಪ್ರಕಾರ ಮುಂದಿನ ಸರ್ವ್ 7ನೇ ನಂಬರಿನವನದು. ಚೆಂಡು ಹಿಡಿದು ಹಿಂದೆ ಹೋದವನು 4. ನನ್ನ ಕೈ ಗಂಟೆಯ ಮೇಲೇ ಇತ್ತು. ಆದರೆ ಹಿಂದಿನ ಸೆಟ್ಟಿನಲ್ಲಿ ಒಂದು ಚೌಕ ತಪ್ಪಾಗಿ ತುಂಬಿ ತಿದ್ದಿದ್ದೆ. ಈಗಲೂ ನನ್ನದೇ ತಪ್ಪಿರಬಹುದು ಅನ್ನಿಸಿತು. ಶೀಟಿನಲ್ಲಿ ಹಿಂದಕ್ಕೆ ಹುಡುಕುತ್ತಾ ಕೂತೆ. ಅಷ್ಟರಲ್ಲಿ 19. 20. 21. ಮೂರನೆಯ ಪಾಯಿಂಟಿಗೆ ಅವರ ಲಿಬೆರೊ, ಅಂದರೆ ಹಿಂದಿನ ಸಾಲಿನಲ್ಲಿ ಚೆಂಡು ಎತ್ತಲೆಂದೇ ಇರುವ ಆಟಗಾರ, ಮಣ್ಣಿನ ಮೇಲೆ ಮೊಣಕೈ ಊರಿ ಬಿದ್ದು ಚೆಂಡು ಎತ್ತಿದ. ಚರ್ಮ ಸುಲಿದಿತ್ತು. ಎಲ್ಲರೂ ಓಡಿ ಬಂದು ಅವನನ್ನು ತಬ್ಬಿಕೊಂಡರು. ನಾಲ್ಕನೇ ಸರ್ವಿಗೆ ನಾನು ಗಂಟೆ ಹೊಡೆದೆ.

ರೆಫರಿ ಶೀಟ್ ನೋಡಿದರು. ಶೀಟ್ ಸರಿಯಾಗಿಯೇ ಇತ್ತು. ತಪ್ಪು ಎಲ್ಲಿಂದ ಶುರುವಾಯಿತು ಅಂತ ಖಚಿತವಾದರೆ, ಅಲ್ಲಿಂದ ಆ ತಂಡ ಗಳಿಸಿದ ಪಾಯಿಂಟೆಲ್ಲ ರದ್ದು. ಜೊತೆಗೆ ಎದುರಾಳಿಗೆ ಒಂದು ಪಾಯಿಂಟ್, ಸರ್ವ್ ಕೂಡ. 21-18 ಇದ್ದದ್ದು 18-19 ಆಯಿತು.

ಮೊದಲ ಸರ್ವಿಗೇ ಗಂಟೆ ಹೊಡೆದಿದ್ದರೂ 18-19 ಆಗುತ್ತಿತ್ತು. ಲೆಕ್ಕದಲ್ಲಿ ನನ್ನಿಂದ ಯಾರಿಗೂ ನಷ್ಟವಿಲ್ಲ. ಎರಡು ದಿನ ಇದನ್ನೇ ಹೇಳಿಕೊಂಡು ಸಮಾಧಾನ ಪಡಲು ನೋಡಿದೆ, ಆಗಲಿಲ್ಲ. ಆ ಹುಡುಗನ ಮೊಣಕೈಯೇ ಕಣ್ಣ ಮುಂದೆ ಬರುತ್ತಿತ್ತು. ಇಲ್ಲದ ಪಾಯಿಂಟಿಗಾಗಿ ಅವನು ಬಿದ್ದಿದ್ದ. ಸೆಟ್ 23-25ಕ್ಕೆ ಹೋಯಿತು, ಮ್ಯಾಚ್ 2-3ಕ್ಕೆ. ಕೊನೆಗೆ ಶೀಟಿಗೆ ಸಹಿ ಹಾಕುತ್ತಾ ಅವರ ಕ್ಯಾಪ್ಟನ್ ಮೆಲ್ಲಗೆ ಕೇಳಿದ: "ಆಗ್ಳೇ ಹೊಡೂಕ್ ಆಯ್ಲಿಲ್ಯಾ ಅಣ್ಣಾ?"

ನನಗೆ ಕೆಲಸ ಕಲಿಸಿದವರು ವಿಜಯಪುರ ಕಡೆಯ ಹಿರಿಯರು. ಸರ್ವ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್ ಸಿಗುತ್ತಿದ್ದ, 15ಕ್ಕೆ ಸೆಟ್ ಮುಗಿಯುತ್ತಿದ್ದ ಕಾಲದಿಂದ ಶೀಟ್ ಬರೆದವರು. ಅವರ ಹತ್ತಿರ ಎಲ್ಲ ಹೇಳಿದೆ. "ತಮ್ಮಾ, ಡೌಟ್ ಬಂದ್ರ ಗಂಟಿ ಹೊಡಿ. ನಿಂದ ತಪ್ಪಾದ್ರ ರೆಫ್ರಿ ಆ ರ‍್ಯಾಲಿ ಮತ್ತ ಆಡಸ್ತಾನ, ಅಷ್ಟ. ನೀ ಸುಮ್ನ ಕುಂತ್ರ ಹುಡುಗ್ರ ದುಡಿಮಿ ಹೋಗ್ತದ" ಅಂದರು.

ಪೂರ್ತಿ ಖಾತ್ರಿಯಾದ ಮೇಲೇ ಬಾಯಿ ಬಿಡಬೇಕು ಅನ್ನುವುದು ನನ್ನ ಲೆಕ್ಕದ ಕೆಲಸದ ಅಭ್ಯಾಸ. ಅಲ್ಲಿ ತಿಂಗಳ ಕೊನೆಯವರೆಗೂ ಸಮಯವಿರುತ್ತದೆ. ಇಲ್ಲಿ ಇರಲಿಲ್ಲ. ಆಮೇಲೆ ರೂಢಿ ಬದಲಿಸಿದೆ. ರ‍್ಯಾಲಿ ಮುಗಿದು ಪಾಯಿಂಟ್ ಬರೆದ ಕೂಡಲೇ ಪೆನ್ನು ಕೆಳಗೆ. ಎಡಗೈ ಬೆರಳು ಮುಂದಿನ ನಂಬರಿನ ಮೇಲೆ, ಬಲಗೈ ಗಂಟೆಯ ಮೇಲೆ, ಕಣ್ಣು ಸರ್ವ್ ಮಾಡುವವನ ಎದೆಯ ಮೇಲೆ.

ಫೆಬ್ರವರಿಯಲ್ಲಿ ಅದೇ ಹುಡುಗರ ಕೊನೆಯ ಮ್ಯಾಚ್. ನಾಲ್ಕನೇ ಸೆಟ್ಟಿನಲ್ಲಿ ಸರ್ವ್ ಆದ ತಕ್ಷಣ ಗಂಟೆ ಹೊಡೆದೆ. ಬೆವರಿಗೆ ಅಂಟಿ ಮಡಚಿದ್ದ ಜೆರ್ಸಿಯಲ್ಲಿ 8 ನನಗೆ 6ರ ಹಾಗೆ ಕಂಡಿತ್ತು. ನಾನೇ ತಪ್ಪಿದ್ದೆ. ಎದ್ದು ನಿಂತು ರೆಫರಿಗೆ ಹಾಗೇ ಹೇಳಿದೆ. ಅವರು ರ‍್ಯಾಲಿ ಮತ್ತೆ ಆಡಿಸಿದರು. ಕ್ಯಾಪ್ಟನ್ ನನ್ನ ಕಡೆ ನೋಡಿ ತಲೆಯಾಡಿಸಿ, ಚೆಂಡನ್ನು ಸರ್ವ್ ಮಾಡುವವನಿಗೆ ಎಸೆದ.