ಒಂದು ‘ಅದ’ ತಿದ್ದಿದ್ದಕ್ಕೆ

ಓಡುತ್ತಿರುವ ಮಷಿನ್ ನಿಲ್ಲಿಸಬೇಕಾದರೆ ಕಾರಣ ದೊಡ್ಡದಿರಬೇಕು. ಪ್ರೆಸ್‌ನಲ್ಲಿ ದುಡಿದವರಿಗೆ ಇದು ಗೊತ್ತು. ಹೋದ ವರ್ಷ ನಾನು ಮಷಿನ್ ನಿಲ್ಲಿಸಿದ್ದು ಎರಡಕ್ಷರಕ್ಕೆ. ‘ಅದ’ ಅನ್ನೋ ಎರಡಕ್ಷರ. ‘ಇದೆ’ ಅನ್ನೋದಕ್ಕೆ ನಮ್ಮ ಕಡೆಯ ಮಾತು ಅದು. ತಪ್ಪು ನನ್ನದೇ ಆಗಿತ್ತು. ಈಗಲೂ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ರಾಯಚೂರಿನ ಒಂದು ಸಣ್ಣ ಪ್ರಕಾಶನದಲ್ಲಿ ನಾನು ಸಂಪಾದಕ. ಕೆಳಗೆ ಪ್ರೆಸ್ಸು, ಮೇಲೆ ಡಿಟಿಪಿ. ಮದುವೆ ಕಾರ್ಡು, ಬಿಲ್ ಬುಕ್ಕು, ಪರೀಕ್ಷೆ ಗೈಡು ನಮ್ಮ ಸಂಬಳ ಹುಟ್ಟಿಸುತ್ತವೆ. ವರ್ಷಕ್ಕೊಮ್ಮೆ ತರುವ ಕಥಾ ಸಂಚಿಕೆ ಮಾತ್ರ ನನ್ನ ಜೀವ. ಸೈನ್ಸ್ ಫಿಕ್ಷನ್, ಫ್ಯಾಂಟಸಿ, ದೆವ್ವದ ಕಥೆ, ಮುಂದಿನ ಕಾಲದ ಕಥೆ, ಎಲ್ಲವೂ ಅದರಲ್ಲಿ ಬರುತ್ತವೆ. ‘ಹಿಂಗಾದರೆ ಏನಾಗುತ್ತೆ’ ಅಂತ ಕೇಳುವ ಯಾವ ಕಥೆಯಾದರೂ ಸರಿ.

ಆದರೆ ಬರೆಯುವವರು ವರ್ಷ ವರ್ಷವೂ ಅವರೇ. ಬೆಂಗಳೂರಿನ ಇಂಜಿನಿಯರ್‌ಗಳು, ಕಾಲೇಜು ಮೇಷ್ಟ್ರುಗಳು. ಒಳ್ಳೆಯ ಕಥೆಗಳೇ, ಸುಮ್ನೆ ದೂರುತ್ತಿಲ್ಲ. ಆದರೂ ಮಂಗಳ ಗ್ರಹಕ್ಕೆ ಹೋದವನು ಕೂಡ ಬಸವನಗುಡಿಯ ಕನ್ನಡ ಆಡುತ್ತಿದ್ದ. ನಮ್ಮ ಕಡೆಯ ಜನ ಮುಂದಿನ ಕಾಲದಲ್ಲಿ ಇರೋದೇ ಇಲ್ಲವೇನೋ ಅನ್ನಿಸುತ್ತಿತ್ತು. ಅದಕ್ಕೇ ರಾಯಚೂರು, ಕೊಪ್ಪಳ, ಬಳ್ಳಾರಿಯವರಿಗೆ ಅಂತಲೇ ಒಂದು ವಿಶೇಷ ಸಂಚಿಕೆ ಮಾಡೋಣ ಅಂತ ಹಟ ಹಿಡಿದೆ.

ಮೀಟಿಂಗ್‌ಗೆ ಒಂದು ಲೆಕ್ಕ ತೆಗೆದುಕೊಂಡು ಹೋಗಿದ್ದೆ. ಇಂಗ್ಲಿಷಿನಲ್ಲಿ ಈ ಬಗೆಯ ಸಣ್ಣಕಥೆ ಹಾಕುವ 63 ಪತ್ರಿಕೆಗಳನ್ನು ಅಮೆರಿಕದ ಫೈರ್‌ಸೈಡ್ ಪತ್ರಿಕೆಯವರು ಎಣಿಸಿ ನೋಡಿದ್ದರು. 2015ರಲ್ಲಿ ಅವುಗಳಲ್ಲಿ ಬಂದ ಹೊಸ ಕಥೆಗಳು 2,039. ಕಪ್ಪು ಲೇಖಕರು ಬರೆದದ್ದು 38. ನೂರಕ್ಕೆ ಎರಡೂ ಇಲ್ಲ. ಆಮೇಲೆ 2017ರಲ್ಲಿ ಕಪ್ಪು ಲೇಖಕರೇ ಸೇರಿ ‘ಫೈಯಾ’ ಅನ್ನೋ ಪತ್ರಿಕೆ ಶುರು ಮಾಡಿದರು. ‘ನಾವೂ ನಮ್ಮ ಹಳೆ ಸಂಚಿಕೆಗಳನ್ನ ಎಣಿಸೋಣ್ರಿ’ ಅಂದೆ. ಮಾಲೀಕರು ಎಣಿಸುವುದಕ್ಕೆ ಒಪ್ಪಲಿಲ್ಲ, ಸಂಚಿಕೆಗೆ ಒಪ್ಪಿದರು. ‘ಆದ್ರೆ ನಮ್ಮ ಕಡಿ ಹೆಣ್ಮಕ್ಕಳು ಸೈನ್ಸ್ ಫಿಕ್ಷನ್ ಎಲ್ಲಿ ಬರೀತಾರ್ರಿ?’ ಅಂತ ಒಂದು ಮಾತು ಸೇರಿಸಿದರು. ಬಂಗಾಳದ ಬೇಗಂ ರೊಕೇಯಾ 1905ರಲ್ಲೇ ‘ಸುಲ್ತಾನಾಸ್ ಡ್ರೀಮ್’ ಬರೆದಿದ್ದನ್ನು ಹೇಳಿದೆ. ಮದರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಬಂದ ಕಥೆ ಅದು. ಅದರಲ್ಲಿ ಹೆಂಗಸರು ಬಿಸಿಲಿನ ಶಾಖವನ್ನು ಹಿಡಿದಿಟ್ಟುಕೊಂಡು ದೇಶ ನಡೆಸುತ್ತಾರೆ, ಬಲೂನು ಹಾರಿಸಿ ಮೋಡದಿಂದ ನೀರು ಇಳಿಸಿಕೊಳ್ಳುತ್ತಾರೆ. ಮಾಲೀಕರು ಸುಮ್ಮನಾದರು. ನಾನು ಗೆದ್ದೆ ಅಂದುಕೊಂಡೆ.

ಓದುವ ಪದ್ಧತಿಯನ್ನೂ ನಾನೇ ಮಾಡಿದೆ. ಹೆಸರು, ಊರು ತೆಗೆದು ಕಥೆಗೊಂದು ನಂಬರ್. ಮೂವರು ಓದಿ ಮಾರ್ಕ್ಸ್ ಹಾಕೋದು. ಹೆಸರು ಕಾಣದಿದ್ದರೆ ಭೇದ ಇರಲ್ಲ ಅಂತ ನಂಬಿದ್ದೆ. ಆದರೆ ಎಕ್ಸೆಲ್ ಶೀಟಿನಲ್ಲಿ ನಂಬರ್ ಹಾಕಿದರೂ ಕಥೆಯ ಮೊದಲ ಸಾಲಿಗೇ ಊರು ತಿಳಿಯುತ್ತಿತ್ತು. ‘ಐತಿ’ ಅಂದರೆ ಕೊಪ್ಪಳದ ಕಡೆ. ‘ಐತೆ’ ಅಂದರೆ ಬಳ್ಳಾರಿ. ‘ಅದ’ ಅಂದರೆ ನಮ್ಮದು. ‘ಇದೆ’ ಅಂತ ಇದ್ದ ಕಥೆಗಳಿಗೆ ಮೂವರೂ ‘ಭಾಷೆ’ ಅನ್ನೋ ಕಾಲಮ್ಮಿನಲ್ಲಿ ಜಾಸ್ತಿ ಮಾರ್ಕ್ಸ್ ಹಾಕಿದ್ದೆವು. ಆ ಕಾಲಮ್ಮು ಇಟ್ಟವನೂ ನಾನೇ.

41ನೇ ನಂಬರಿನ ಕಥೆ ಬಂದದ್ದು ವಾಟ್ಸಾಪ್‌ನಲ್ಲಿ. ಹದಿನಾಲ್ಕು ವಾಯ್ಸ್ ಮೆಸೇಜ್. ಮಾನ್ವಿ ತಾಲೂಕಿನ ಒಂದು ಹಾಸ್ಟೆಲ್‌ನಲ್ಲಿ ಅಡುಗೆ ಮಾಡುವ ಅಕ್ಕ ಒಬ್ಬರು ಕಥೆ ಹೇಳಿದ್ದರು. ಹಿಂದೆ ಪಾತ್ರೆ ತಿಕ್ಕುವ ಸದ್ದು. ‘ಟೈಪ್ ಮಾಡಿ ಇ-ಮೇಲ್ ಮಾಡಬೇಕು’ ಅಂತ ನಮ್ಮ ನಿಯಮ. ಹಾಗಂತ ಉತ್ತರ ಕಳಿಸಿದೆ. ವಾರ ಬಿಟ್ಟು ಅವರ ಮಗಳು, ಪಿಯುಸಿ ಓದುವ ಹುಡುಗಿ, ಪೂರ್ತಿ ಕಥೆಯನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದಳು. ಹೇಳಿದ್ದು ಹೇಳಿದ ಹಾಗೇ ಇತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇದು ಚೈನ್ ಕಡಿದು ಕೊಚ್ಚಿ ಹೋಯಿತಲ್ಲ, ಕಥೆ ಅಲ್ಲಿಂದ ಶುರುವಾಗುತ್ತದೆ. ಆಮೇಲೆ ಬಹಳ ವರ್ಷ ಕಳೆದಿವೆ. ಎಡದಂಡೆ ಕಾಲುವೆಯ ಗೇಟುಗಳಿಗೆಲ್ಲ ಮಾತು ಕೇಳಿ ತೆರೆಯುವ ಯಂತ್ರ ಬಂದಿದೆ. ಕಾಲುವೆ ಕಾಯುವ ಗ್ಯಾಂಗ್‌ಮನ್ ಇಲ್ಲ, ಜಗಳ ಇಲ್ಲ. ಕೊನೆ ಭಾಗದ ಹೊಲದ ಒಬ್ಬ ಮುದುಕಿ ರಾತ್ರಿ ಗೇಟಿನ ಮುಂದೆ ನಿಲ್ಲುತ್ತಾಳೆ. ‘ನೀರಿನ ಮಟ್ಟ ತಿಳಿಸಿ’ ಅನ್ನುತ್ತದೆ ಗೇಟು. ‘ಹೊಲದಾಗ ನೀರ ಇಲ್ರಿ ಯಪ್ಪಾ, ಬೆಳಿ ಒಣಗಾಕತ್ತಾದ’ ಅನ್ನುತ್ತಾಳೆ ಮುದುಕಿ. ‘ಮಾಹಿತಿ ಸ್ಪಷ್ಟವಾಗಿಲ್ಲ. ಮತ್ತೊಮ್ಮೆ ತಿಳಿಸಿ.’ ಅದಕ್ಕೆ ಕಲಿಸಿದ್ದು ಪುಸ್ತಕದ ಕನ್ನಡ. ಮೇಲಿನ ಭತ್ತದ ಗದ್ದೆಯವರು ಫೋನ್ ಹಿಡಿದು ಓದಿ ಹೇಳಿ ನೀರು ಬಿಡಿಸಿಕೊಳ್ಳುತ್ತಾರೆ. ಮುದುಕಿಗೆ ಅದು ಬರಲ್ಲ. ಆದರೂ ದಿನಾ ರಾತ್ರಿ ಬಂದು ಕೂರುತ್ತಾಳೆ. ಸತ್ತ ಗಂಡನ ಮಾತು, ಮೊಮ್ಮಗಳ ಪರೀಕ್ಷೆ, ಜೋಳದ ರೇಟು, ಎಲ್ಲಾ ಗೇಟಿಗೆ ಹೇಳುತ್ತಾಳೆ. ಕೊನೆಗೆ ಒಂದು ರಾತ್ರಿ ಯಾರೂ ಕೇಳದೆ ಗೇಟು ತಾನೇ ಏಳುತ್ತದೆ. ಏಳುತ್ತಾ ಮಾತಾಡುತ್ತದೆ: ‘ಅವ್ವಾ, ನೀರ ಅದ.’

ಕಥೆ ಅಲ್ಲಿಗೆ ಮುಗಿಯುತ್ತದೆ. ಮೊದಲ ಸಲ ಓದಿದಾಗ ನನ್ನ ಕಣ್ಣು ತುಂಬಿತ್ತು. ಓದಿದ ಮೂವರಲ್ಲಿ ಒಬ್ಬರು ‘ಇದು ಸೈನ್ಸ್ ಫಿಕ್ಷನ್ ಅಲ್ಲ, ಜನಪದ ಕಥೆ’ ಅಂದಿದ್ದರು. ಇನ್ನೊಬ್ಬರು ‘ಭಾಷೆ ತಿದ್ದಿದರೆ ಹಾಕಬಹುದು’ ಅಂದಿದ್ದರು. ನಾನು ಕಥೆಯ ಪರ ವಾದ ಮಾಡಿದೆ, ತಿದ್ದುವ ಕೆಲಸವನ್ನೂ ಒಪ್ಪಿಕೊಂಡೆ.

ಇಲ್ಲಿ ನಮ್ಮ ಡಿಟಿಪಿಯ ವಿಷಯ ಹೇಳಲೇಬೇಕು. ಇವತ್ತಿಗೂ ನಾವು ಪುಟ ಕಟ್ಟುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ, ‘ನುಡಿ’ ಫಾಂಟಿನಲ್ಲಿ ಕೂತಿದ್ದೇವೆ. ಮೊಬೈಲಿನಿಂದ ಯೂನಿಕೋಡ್‌ನಲ್ಲಿ ಬಂದದ್ದನ್ನು ನುಡಿಗೆ ಕನ್ವರ್ಟ್ ಮಾಡಿದರೆ ಒತ್ತಕ್ಷರ ಜಾರುತ್ತವೆ, ಅರ್ಕಾವತ್ತು ಒಡೆಯುತ್ತದೆ. ಹೊಸ ಸಾಫ್ಟ್‌ವೇರ್ ತನ್ನಿ ಅಂತ ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಈ ಕಥೆಯ ಪ್ರಿಂಟ್ ತೆಗೆದಾಗ ಯಾವುದು ಕನ್ವರ್ಟರ್ ಮಾಡಿದ ತಪ್ಪು, ಯಾವುದು ಅಕ್ಕನ ಮಾತು ಅಂತ ಬೇರೆ ಮಾಡಬೇಕಿತ್ತು. ಮೂಲ ಫೈಲ್ ಇತ್ತು, ವಾಯ್ಸ್ ಮೆಸೇಜೂ ಇದ್ದವು. ನಾನು ಎರಡನ್ನೂ ತೆಗೆದು ನೋಡಲಿಲ್ಲ. ಎಲ್ಲವನ್ನೂ ತಪ್ಪು ಅಂತಲೇ ತಿದ್ದುತ್ತಾ ಹೋದೆ.

‘ಒಣಗಾಕತ್ತಾದ’ ಇದ್ದದ್ದು ‘ಒಣಗುತ್ತಿದೆ’ ಆಯಿತು. ‘ಯಪ್ಪಾ’ ಇದ್ದದ್ದು ‘ಅಪ್ಪಾ’. ‘ಅದ’ ಇದ್ದ ಕಡೆಯೆಲ್ಲ ಒಂದೇ ಏಟಿಗೆ ‘ಇದೆ’ ಅಂತ ಬದಲಿಸಿದೆ. ಹಾಗೆ ಮಾಡಿದಾಗ ‘ಅದರ’, ‘ಅದಕ್ಕೆ’, ‘ಅದು’ ಎಲ್ಲಾ ಹಾಳಾದವು. ಎರಡು ತಾಸು ಕೂತು ಅವನ್ನು ಒಂದೊಂದಾಗಿ ಸರಿ ಮಾಡಿದೆ. ಎಷ್ಟು ಕಾಳಜಿಯಿಂದ ಮಾಡಿದೆ ಅಂದರೆ, ಮುಗಿದ ಮೇಲೆ ನೆಮ್ಮದಿಯಾಯಿತು. ಈ ಅಕ್ಕನ ಕಥೆ ಮೈಸೂರಿನವರಿಗೂ ತಿಳಿಯಬೇಕು, ಯಾರೂ ಓದಿ ಮೂಗು ಮುರಿಯಬಾರದು ಅನ್ನೋದೇ ನನ್ನ ಆಸೆ. ನಾನು ಲಿಂಗಸುಗೂರಿನವನು. ಮನೆಯಲ್ಲಿ ನಮ್ಮವ್ವನ ಜೊತೆ ದಿನಾ ‘ಅದ’ ಅನ್ನುತ್ತೇನೆ. ಆಫೀಸಿನ ಮೆಟ್ಟಿಲು ಹತ್ತಿದ ಮೇಲೆ ಅದು ನನಗೆ ತಪ್ಪಾಗಿ ಕಾಣುತ್ತಿತ್ತು.

ಪ್ರೂಫ್ ಲೇಖಕರಿಗೆ ಕಳಿಸುವ ರೂಢಿ ನಮ್ಮಲ್ಲಿ ಇರಲಿಲ್ಲ.

ಒಂದೇ ದೊಡ್ಡ ಶೀಟಿನಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳಿಗೆ ನಾವು ಫಾರಂ ಅನ್ನುತ್ತೇವೆ. ಮೂರನೇ ಫಾರಂ ಓಡುತ್ತಿದ್ದ ದಿನ ಅಕ್ಕ, ಮಗಳು ಇಬ್ಬರೂ ಪ್ರೆಸ್ಸಿಗೆ ಬಂದರು. ಆಸ್ಪತ್ರೆಗೆ ಅಂತ ರಾಯಚೂರಿಗೆ ಬಂದವರು, ಕಥೆ ಅಚ್ಚಾಗೋದು ನೋಡಬೇಕು ಅಂತ ಮಗಳ ಆಸೆ. ನನಗೆ ಖುಷಿಯಾಯಿತು. ಕೆಳಗೆ ಕರೆದುಕೊಂಡು ಹೋದೆ. ಮೊದಲ ಬದಿ ಮುಗಿದು ಎರಡನೇ ಬದಿ ಓಡುತ್ತಿತ್ತು. ಇಂಕು ಇನ್ನೂ ಹಸಿಯಿದ್ದ ಒಂದು ಶೀಟ್ ತೆಗೆದು, ಮೂರು ಮಡಿಕೆ ಮಾಡಿ, ಅಂಚು ಸೀಳಿ ಅಕ್ಕನ ಕೈಗೆ ಕೊಟ್ಟೆ. ‘ನೋಡ್ರಿ ಅಕ್ಕಾರ, ನಿಮ್ಮ ಕಥಿ’ ಅಂದೆ.

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಹಾಳೆ ಹಿಡಿದರು. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಾ ಹೋದರು. ಮೊದಲು ಮುಖದಲ್ಲಿ ನಗು ಇತ್ತು. ಎರಡನೇ ಪುಟಕ್ಕೆ ನಗು ಹೋಯಿತು. ಮಗಳನ್ನು ಒಮ್ಮೆ ನೋಡಿದರು, ಮತ್ತೆ ಓದಿದರು. ಮಷಿನ್ ಸದ್ದಿನಲ್ಲಿ ಮಾತಾಡೋಕೂ ಆಗುತ್ತಿರಲಿಲ್ಲ, ಸುಮ್ಮನೆ ನಿಲ್ಲೋಕೂ ಆಗುತ್ತಿರಲಿಲ್ಲ. ಕೊನೆಯ ಸಾಲಿಗೆ ಬಂದ ಬೆರಳು ಅಲ್ಲೇ ನಿಂತಿತು. ಅಲ್ಲಿ ‘ಅಮ್ಮಾ, ನೀರು ಇದೆ’ ಅಂತ ಇತ್ತು.

ನನ್ನ ಕಿವಿಯ ಹತ್ತಿರ ಬಂದು ಕೇಳಿದರು. ‘ಈ ಗೇಟ ಮಾತು ಕಲಿಯೋದೇ ಇಲ್ಲೇನ್ರಿ ಸರ್ರ?’

ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಕೈ ತಣ್ಣಗಾಯಿತು. ನನ್ನ ತಿದ್ದುಪಡಿಯಲ್ಲಿ ಮುದುಕಿಯೂ ಪುಸ್ತಕದ ಕನ್ನಡ ಆಡುತ್ತಾಳೆ, ಗೇಟೂ ಅದನ್ನೇ ಆಡುತ್ತದೆ. ಹಾಗಿದ್ದ ಮೇಲೆ ಗೇಟಿಗೆ ಅವಳ ಮಾತು ಯಾಕೆ ತಿಳಿಯಲ್ಲ? ಕೊನೆಗೆ ಅದು ಕಲಿತದ್ದಾದರೂ ಏನು? ಕಥೆಯೇ ಉಳಿದಿರಲಿಲ್ಲ.

ಆಗಲೂ ನಾನು ಮಾಡಿದ್ದು ಸಮಜಾಯಿಷಿ. ‘ಹಂಗಲ್ರಿ ಅಕ್ಕಾರ, ಎಲ್ಲಾ ಕಡಿ ಮಂದಿಗೆ ತಿಳೀಬೇಕಲ್ಲ’ ಅಂದೆ. ಅಕ್ಕ ‘ಇರ್ಲಿ ಬಿಡ್ರಿ, ಚಲೋ ಅದ’ ಅಂದುಬಿಟ್ಟರು. ಮಗಳು ಬಿಡಲಿಲ್ಲ. ಮೆಲ್ಲಗೇ ಹೇಳಿದಳು. ‘ಆ ಗೇಟ್ ಮಾಡಿದೋರೂ ಹಿಂಗ ಅಂದಿರ್ಬೇಕ್ರಿ ಸರ್.’

ಶೀಟುಗಳು ಬೀಳುತ್ತಲೇ ಇದ್ದವು. ಒಂದೊಂದು ಬಿದ್ದಾಗಲೂ ಅದೇ ತಪ್ಪು ಸಾಲು ಇನ್ನೊಂದು ಸಲ. ಎಷ್ಟು ಹೊತ್ತು ನಿಂತಿದ್ದೆನೋ, ಎರಡು ನಿಮಿಷ ಇರಬಹುದು. ಇಷ್ಟಕ್ಕೆಲ್ಲ ನಿಲ್ಲಿಸೋದಾ, ಅಕ್ಕನೇ ಇರ್ಲಿ ಅಂದರಲ್ಲ ಅಂತ ಯೋಚಿಸಿದ್ದೂ ನಿಜ. ಆಮೇಲೆ ಮಷಿನ್‌ಮನ್ ಚಾಚಾನಿಗೆ ಕೈ ಎತ್ತಿದೆ. ಚಾಚಾ ಮಷಿನ್ ಆಫ್ ಮಾಡಿ ‘ಏನಾತ್ರಿ?’ ಅಂದರು. ‘ಪ್ಲೇಟ್ ಇಳಸ್ರಿ’ ಅಂದೆ. ಆ ಮೌನದಲ್ಲಿ ಅಕ್ಕ ‘ಅಯ್ಯ, ನಾ ಏನೂ ಅಂದಿಲ್ರಿ’ ಅಂತ ಗಾಬರಿಯಾದರು. ಅವರಿಗೆ ಕುರ್ಚಿ ಹಾಕಿ ಕೂರಿಸಿ ತಪ್ಪು ನನ್ನದು ಅಂತ ಹೇಳಿದೆ. ಮೊದಲೇ ಹೇಳಬೇಕಾದ ಮಾತು.

ಮಾಲೀಕರು ಫೋನಿನಲ್ಲಿ ಸಿಟ್ಟಾದರು. ‘ಒಂದು ಅಕ್ಷರಕ್ಕ ಒಂದು ಫಾರಂ ಕಾಗದ ಹಾಳು ಮಾಡ್ತೀರೇನ್ರಿ? ಹಿಂದ ಒಂದು ಒಪ್ಪೋಲೆ ಅಂಟಿಸಿ ಬಿಡ್ರಿ’ ಅಂದರು. ಒಪ್ಪೋಲೆಯಲ್ಲಿ ಏನಂತ ಬರೆಯೋದು? ‘ಕಥೆಯ ಮಾತುಗಳೆಲ್ಲ ತಪ್ಪಾಗಿವೆ, ಓದುಗರು ಸರಿಮಾಡಿಕೊಂಡು ಓದಿ’ ಅಂತಲೇ? ಮುಖಪುಟದಲ್ಲಿ ‘ನಮ್ಮ ನೆಲದ ಹೊಸ ದನಿಗಳು’ ಅಂತ ದಪ್ಪಕ್ಷರದಲ್ಲಿ ಹಾಕಿಸಿದ್ದು ಅವರೇ. ದನಿ ಬೇಕು, ಒಂದು ಫಾರಂ ಕಾಗದ ಬೇಡ ಅಂದರೆ ಹೇಗೆ? ಕೊನೆಗೆ ಕಾಗದ, ಪ್ಲೇಟಿನ ಖರ್ಚನ್ನು ನನ್ನ ಸಂಬಳದಲ್ಲಿ ಎರಡು ಕಂತಿನಲ್ಲಿ ಹಿಡಿದುಕೊಳ್ಳಿ ಅಂದೆ. ಹಿಡಿದುಕೊಂಡರು. ಅದರ ಬಗ್ಗೆ ದೂರಿಲ್ಲ. ಪ್ರೂಫ್ ಕಳಿಸೋಕೆ ಎರಡು ದಿನ ಕೊಡಿ ಅಂತ ಕೇಳಿದಾಗಲೆಲ್ಲ ಡೆಡ್‌ಲೈನ್ ಅಂದವರು ಅವರು. ಆ ದೂರು ಇನ್ನೂ ಇದೆ.

ಅವತ್ತು ಸಂಜೆ ಅಕ್ಕನ ವಾಯ್ಸ್ ಮೆಸೇಜುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಸಾಲು ಸಾಲೂ ಮೊದಲಿನ ಹಾಗೇ ಕೂರಿಸಿದೆ. ಕೊನೆಯ ಮೆಸೇಜಿನಲ್ಲಿ ‘ಅವ್ವಾ, ನೀರ ಅದ’ ಅನ್ನುವಾಗ ಅವರು ಗೇಟಿನ ದನಿ ಮಾಡಿದ್ದರು. ‘ಅವ್ವಾ’ ಅಂದ ಮೇಲೆ ಸ್ವಲ್ಪ ತಡೆದು, ಹೊಸದಾಗಿ ಮಾತು ಕಲಿತವರ ಹಾಗೆ ‘ನೀರ… ಅದ’ ಅಂದಿದ್ದರು. ಅದನ್ನು ಅಚ್ಚಿನಲ್ಲಿ ತೋರಿಸೋಕೆ ಮೂರು ಚುಕ್ಕಿ ಹಾಕಲೇ ಅಂತ ಫೋನ್ ಮಾಡಿ ಕೇಳಿದೆ. ‘ಬ್ಯಾಡ್ರಿ, ಓದೋರು ತಾವ ನಿಲ್ತಾರ’ ಅಂದರು. ಚುಕ್ಕಿ ಹಾಕಲಿಲ್ಲ.

ಈಗ ಪ್ಲೇಟಿಗೆ ಹೋಗುವ ಮೊದಲು ಪ್ರತಿ ಲೇಖಕರಿಗೂ ಪ್ರೂಫ್ ಹೋಗುತ್ತದೆ. ಓದೋಕೆ ಬಾರದವರಿಗೆ ಫೋನಿನಲ್ಲಿ ನಾನೇ ಓದಿ ಹೇಳುತ್ತೇನೆ. ವಾಯ್ಸ್ ಮೆಸೇಜ್ ತೆಗೆದುಕೊಳ್ಳುತ್ತೇವೆ, ಟೈಪ್ ಮಾಡೋದು ನಮ್ಮ ಕೆಲಸ. ಹೆಸರು ಮುಚ್ಚಿ ಓದೋದನ್ನು ಬಿಟ್ಟಿಲ್ಲ, ಆದರೆ ‘ಭಾಷೆ’ ಕಾಲಮ್ಮು ತೆಗೆದಿದ್ದೇನೆ. ಓದುವ ಮೂವರಲ್ಲಿ ಒಬ್ಬರಾದರೂ ಕಥೆ ಬಂದ ಕಡೆಯ ಮಾತು ಬಲ್ಲವರಿರಬೇಕು ಅಂತ ಮಾಡಿದ್ದೇವೆ. ಅದಕ್ಕೆ ಓದುವವರು ಸಾಲುತ್ತಿಲ್ಲ. ಅವರಿಗೆ ಗೌರವಧನ ಕೊಡಿ ಅಂತ ಕೇಳಿದ್ದೇನೆ, ನೋಡೋಣ ಅಂದಿದ್ದಾರೆ.

ಆದರೆ ನನ್ನನ್ನು ಜಾಸ್ತಿ ಚುಚ್ಚೋದು ಅಕ್ಕನ ಕಥೆ ಅಲ್ಲ. ಆ ಸಂಚಿಕೆಯಲ್ಲೇ ನಾನು ಇನ್ನೊಂದು ಕಥೆಯನ್ನೂ ಹೀಗೇ ತಿದ್ದಿದ್ದೆ. ಸಂಡೂರಿನ ಗಣಿ ಊರಿನ ಹುಡುಗನದ್ದು. ಕೆಂಪು ದೂಳು ರಾತ್ರಿ ಎದ್ದು ಮನುಷ್ಯರ ಆಕಾರ ತಳೆದು ತಾನು ಬಂದ ಗುಡ್ಡವನ್ನು ಹುಡುಕಿಕೊಂಡು ಹೋಗುವ ಕಥೆ. ಅದರ ‘ಐತೆ’ಗಳನ್ನೆಲ್ಲ ‘ಇದೆ’ ಮಾಡಿದ್ದೆ. ಅದು ಮೊದಲನೇ ಫಾರಂನಲ್ಲಿತ್ತು. ಅಚ್ಚಾಗಿ, ಮಡಿಚಿ, ಬೈಂಡಿಂಗ್‌ಗೆ ಹೋಗಿಯಾಗಿತ್ತು. ಅದನ್ನು ಮತ್ತೆ ಅಚ್ಚು ಮಾಡಿಸೋಕೆ ನನ್ನ ಹತ್ತಿರ ದುಡ್ಡೂ ಇರಲಿಲ್ಲ, ಜಗಳ ಆಡುವ ಶಕ್ತಿಯೂ ಇರಲಿಲ್ಲ. ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ‘ಬಿಡಿ ಸಾರ್, ನಾನು ಬರೆದಿದ್ದೇ ತಪ್ಪಿರ್ಬೇಕು ಅಂದ್ಕಂಡೆ’ ಅಂದ.

ಈ ವರ್ಷದ ಸಂಚಿಕೆಗೆ ಅವನ ಹೊಸ ಕಥೆ ಬಂತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಪುಸ್ತಕದ ಕನ್ನಡ. ಒಂದು ಕಾಗುಣಿತ ತಪ್ಪಿಲ್ಲ, ಒಂದು ‘ಐತೆ’ ಇಲ್ಲ. ಮೂವರೂ ಒಳ್ಳೆ ಮಾರ್ಕ್ಸ್ ಹಾಕಿದ್ದಾರೆ. ನಾನು ಅವನಿಗೆ ಫೋನ್ ಮಾಡಿ, ಇದೇ ಕಥೆಯನ್ನು ನಿಮ್ಮ ಅಜ್ಜಿಗೆ ಹೇಳಿದ ಹಾಗೆ ಒಂದು ಸಲ ರೆಕಾರ್ಡ್ ಮಾಡಿ ಕಳಿಸ್ತೀಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಆಯ್ತು ಸಾರ್’ ಅಂದ. ಮೊದಲನೇ ಫಾರಂ ಬರುವ ಸೋಮವಾರ ಪ್ಲೇಟಿಗೆ ಹೋಗಬೇಕು. ಅವನ ಕಥೆಗೆ ಎಂಟು ಪುಟ ಖಾಲಿ ಬಿಟ್ಟು ಕಾಯುತ್ತಿದ್ದೇನೆ.