ನೇಪಾಳದ ಕರೆಂಟ್ ಬಾಂಗ್ಲಾಕ್ಕೆ, ನಮ್ಮ ತಂತಿಯ ಮೇಲೆ

2024ರ ನವೆಂಬರ್ 15ರಂದು ನೇಪಾಳ ಮೊದಲ ಸಲ ಬಾಂಗ್ಲಾದೇಶಕ್ಕೆ ಕರೆಂಟ್ ಮಾರಿತು. ನಮ್ಮ ಗ್ರಿಡ್ ಮೂಲಕ, 40 ಮೆಗಾವ್ಯಾಟ್. ಆ ವರ್ಷಕ್ಕೆ ಅದೊಂದೇ ದಿನ. ಬೇಸಿಗೆಯಲ್ಲಿ ಬೇಡಿಕೆ 16 ಸಾವಿರ ಮೆಗಾವ್ಯಾಟ್ ಮುಟ್ಟುವ ದೇಶಕ್ಕೆ 40 ಯಾವ ಲೆಕ್ಕ ಅಂತ ನೀವು ಕೇಳಬಹುದು. ಆದರೂ ಆ ಸುದ್ದಿ ಓದಿ ನನಗೆ ತುಂಬ ಖುಷಿಯಾಯಿತು. ಗ್ರಿಡ್‌ನಲ್ಲಿ ಬೇಡಿಕೆಗೆ ತಕ್ಕ ಪೂರೈಕೆ ಹೊಂದಿಸುವ ಲೋಡ್ ಡಿಸ್ಪ್ಯಾಚ್ ಸೆಂಟರಿನಲ್ಲಿ ಪಾಳಿ ಮಾಡುತ್ತ, ಕರೆಂಟಿನ ಫ್ರೀಕ್ವೆನ್ಸಿ 50 ಹರ್ಟ್ಜ್‌ನ ಆಚೀಚೆ ಓಡಾಡುವುದನ್ನು ನೋಡುತ್ತಲೇ ನೌಕರಿ ಮುಗಿಸಿದವಳು ನಾನು. ದಕ್ಷಿಣ ಏಷ್ಯಾದ ಸ್ನೇಹದ ಬಗ್ಗೆ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇನೆ. ಮೂರು ದೇಶದವರು ಕೂತು ಒಂದೇ ಶೆಡ್ಯೂಲ್ ಹಾಕಿ, ಅದರಂತೆ ಕರೆಂಟ್ ಹರಿಸಿದ್ದು ಇದೇ ಮೊದಲು.

ಅದು ನಡೆಯುವುದು ಹೀಗೆ. ನೇಪಾಳದ ಧಲ್ಕೇಬರ್‌ನಿಂದ ಬಿಹಾರದ ಮುಜಫ್ಫರ್‌ಪುರಕ್ಕೆ 400 ಕೆವಿ ಲೈನ್ ಇದೆ. ನೇಪಾಳ ಅಲ್ಲಿ ನಮ್ಮ ಗ್ರಿಡ್‌ಗೆ ಕರೆಂಟ್ ಕೊಡುತ್ತದೆ. ಅದೇ ಹೊತ್ತಿಗೆ ಪಶ್ಚಿಮ ಬಂಗಾಳದ ಬಹರಾಂಪುರದಿಂದ ಬಾಂಗ್ಲಾದ ಭೇರಾಮಾರಾಕ್ಕೆ, ದಾರಿಯ ನಷ್ಟ ಕಳೆದು, ಅಷ್ಟು ಹೋಗುತ್ತದೆ. ನೇಪಾಳ ಮತ್ತು ಭೂತಾನದ ಗ್ರಿಡ್‌ಗಳು ನಮ್ಮದರ ಜೊತೆ ಒಂದೇ ತಾಳದಲ್ಲಿ ಓಡುತ್ತವೆ. ಬಾಂಗ್ಲಾದ್ದು ಬೇರೆ ತಾಳ. ಅದಕ್ಕೇ ಭೇರಾಮಾರಾದಲ್ಲಿ ಎಸಿಯನ್ನು ಡಿಸಿ ಮಾಡಿ, ಮತ್ತೆ ಅವರ ತಾಳಕ್ಕೆ ಎಸಿ ಮಾಡಿ ಕೊಡುವ ಕೇಂದ್ರ ಇದೆ. 2013ರಲ್ಲಿ 500 ಮೆಗಾವ್ಯಾಟ್‌ನಿಂದ ಶುರುವಾಗಿ 2018ರಲ್ಲಿ ದುಪ್ಪಟ್ಟಾಯಿತು. ಈ ಏರ್ಪಾಡು ನನಗೆ ಬಹಳ ಇಷ್ಟ. ಎರಡೂ ದೇಶಗಳು ತಮ್ಮ ಗ್ರಿಡ್ ತಮ್ಮ ಕೈಯಲ್ಲೇ ಇಟ್ಟುಕೊಂಡು ಕೊಟ್ಟು ತೆಗೆದುಕೊಳ್ಳಬಹುದು.

ಐದು ವರ್ಷದ ಒಪ್ಪಂದ, ಯೂನಿಟ್‌ಗೆ 6.4 ಅಮೆರಿಕನ್ ಸೆಂಟ್. ಪ್ರತಿ ವರ್ಷ ಜೂನ್ 15ರಿಂದ ನವೆಂಬರ್ 15ರವರೆಗೆ ಮಾತ್ರ. ಯಾಕೆ ಅಷ್ಟೇ ತಿಂಗಳು? ನೇಪಾಳದ ಬಹುಪಾಲು ಸ್ಥಾವರಗಳಿಗೆ ದೊಡ್ಡ ಜಲಾಶಯ ಇಲ್ಲ. ನದಿ ಹರಿದಷ್ಟೇ ಕರೆಂಟ್. ಮಳೆಗಾಲದಲ್ಲಿ ಬೇಡವೆಂದರೂ ಉಳಿಯುತ್ತದೆ, ಚಳಿಗಾಲದಲ್ಲಿ ನಮ್ಮಿಂದಲೇ ಕೊಳ್ಳಬೇಕಾಗುತ್ತದೆ. ಹತ್ತು ಹದಿನೈದು ವರ್ಷದ ಹಿಂದೆ ಕಠ್ಮಂಡುವಿನಲ್ಲಿ ಚಳಿಗಾಲ ಬಂತೆಂದರೆ ದಿನಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ ಲೋಡ್ ಶೆಡ್ಡಿಂಗ್ ಇರುತ್ತಿತ್ತು. ಅದೇ ದೇಶ ಈಗ ಮಾರುವ ಸ್ಥಿತಿಗೆ ಬಂದಿದೆ. ಅವರು ಕಟ್ಟಿದ ಸ್ಥಾವರಗಳ ಜೊತೆಗೆ, ಗಡಿ ದಾಟಿದ ಲೈನ್‌ಗಳಿಗೂ ಇದರಲ್ಲಿ ಪಾಲಿದೆ.

ಒಪ್ಪಂದಕ್ಕೆ ಸಹಿ ಬಿದ್ದದ್ದು ಅಕ್ಟೋಬರ್ 3ರಂದು, ಕಠ್ಮಂಡುವಿನಲ್ಲಿ. ಆಗಸ್ಟ್‌ನಲ್ಲಷ್ಟೇ ಢಾಕಾದಲ್ಲಿ ಸರ್ಕಾರ ಉರುಳಿತ್ತು. ದೆಹಲಿ ಮತ್ತು ಢಾಕಾ ನಡುವೆ ಮಾತೇ ಕಷ್ಟವಾಗಿದ್ದ ಕಾಲ ಅದು. ಆದರೂ ಸಹಿ ಆಯಿತು. ರಾಜಕೀಯ ಕೆಟ್ಟಾಗಲೂ ನಿಲ್ಲದ ಕೆಲಸ ಯಾವುದು ಅಂತ ನಾವು ಗಮನಿಸಬೇಕಾದದ್ದು ಇಲ್ಲೇ.

ದಕ್ಷಿಣ ಏಷ್ಯಾದ ದೇಶಗಳ ಕೂಟವಾದ ಸಾರ್ಕ್ ಕಥೆ ಬೇರೆ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಹುಟ್ಟಿತು. ಮರುವರ್ಷದ ಎರಡನೇ ಶೃಂಗಸಭೆ ನಡೆದದ್ದು ಬೆಂಗಳೂರಿನಲ್ಲಿ. ಎಲ್ಲ ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕು ಅಂತ ಅದರ ಸನ್ನದಿನಲ್ಲೇ ಬರೆದಿದೆ. ಚಿಕ್ಕ ದೇಶಗಳಿಗೆ ಧೈರ್ಯ ಕೊಡುವ ನಿಯಮ, ಒಪ್ಪುತ್ತೇನೆ. ಆದರೆ ಒಬ್ಬರು ಬೇಡ ಎಂದರೆ ಎಂಟೂ ದೇಶ ಕೈಕಟ್ಟಿ ಕೂರಬೇಕು. 2014ರ ಕಠ್ಮಂಡು ಸಭೆಯಲ್ಲಿ ವಾಹನಗಳ ಓಡಾಟದ ಒಪ್ಪಂದ ಪಾಕಿಸ್ತಾನ ಒಪ್ಪದೆ ನಿಂತುಹೋಯಿತು. ಉಳಿದದ್ದು ವಿದ್ಯುತ್ ಒಪ್ಪಂದ ಒಂದೇ. 2016ರಲ್ಲಿ ಉರಿ ದಾಳಿಯ ನಂತರ ಇಸ್ಲಾಮಾಬಾದ್ ಸಭೆಗೆ ಭಾರತ ಹೋಗಲಿಲ್ಲ, ಸಭೆಯೇ ರದ್ದಾಯಿತು. ಅಲ್ಲಿಂದ ಈಚೆಗೆ ಒಂದು ಶೃಂಗಸಭೆಯೂ ಆಗಿಲ್ಲ. ಈ ಭಾಗದ ದೇಶಗಳ ಒಟ್ಟು ವ್ಯಾಪಾರದಲ್ಲಿ ಪರಸ್ಪರರ ಜೊತೆಗಿನದು ಸುಮಾರು ಶೇಕಡಾ 5 ಮಾತ್ರ. ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್‌ನಲ್ಲಿ ಅದು 20ಕ್ಕೂ ಹೆಚ್ಚು. ಅವರೂ ಜಗಳವಾಡಿದವರೇ. 1966ರವರೆಗೆ ಇಂಡೋನೇಷ್ಯಾ ಮತ್ತು ಮಲೇಷ್ಯಾ ಗಡಿಯಲ್ಲಿ ಕಾದಾಡುತ್ತಿದ್ದವು. 1967ರಲ್ಲಿ ಆಸಿಯಾನ್ ಕಟ್ಟಲು ಒಂದೇ ಮೇಜಿಗೆ ಬಂದವು.

ನಕ್ಷೆ ತೆಗೆದು ನೋಡಿ. ನೇಪಾಳ, ಭೂತಾನ, ಬಾಂಗ್ಲಾ ಮೂರೂ ನಮ್ಮ ಗಡಿಗೆ ತಾಗುತ್ತವೆ, ಒಂದಕ್ಕೊಂದು ತಾಗುವುದಿಲ್ಲ. ಸಿಲಿಗುರಿ ಹತ್ತಿರ ನಮ್ಮ ನೆಲ ತೀರಾ ಕಿರಿದಾದ ಕಡೆ ಬರೀ 20 ಕಿಲೋಮೀಟರ್ ಚಿಲ್ಲರೆ. ಅಷ್ಟು ಜಾಗ ದಾಟಲು ಅವರಿಗೆ ನಮ್ಮ ಅನುಮತಿ ಬೇಕು. ಹಾಗಾಗಿ ಇಲ್ಲಿ ಸಹಕಾರ ಅಂದರೆ ಮುಖ್ಯವಾಗಿ ನಾವು ದಾರಿ ಬಿಡುವುದು. ನಮಗೂ ಅವರು ಬಿಟ್ಟಿದ್ದಾರೆ. ತ್ರಿಪುರಾದ ಪಾಲಟಾನಾ ಸ್ಥಾವರಕ್ಕೆ ಭಾರೀ ಯಂತ್ರಗಳನ್ನು ಗುಡ್ಡದ ರಸ್ತೆಯಲ್ಲಿ ಒಯ್ಯುವಂತಿರಲಿಲ್ಲ. ಬಾಂಗ್ಲಾ ತನ್ನ ಆಶುಗಂಜ್ ನದಿ ಬಂದರಿನಿಂದ ದಾರಿ ಕೊಟ್ಟಿತು. ಆಮೇಲೆ, 2016ರಿಂದ, ತ್ರಿಪುರಾದಿಂದ ಕೊಮಿಲ್ಲಾಕ್ಕೆ 100 ಮೆಗಾವ್ಯಾಟ್ ಹೋಗತೊಡಗಿತು. ಇಂಥ ಲೆಕ್ಕ ಇಬ್ಬರಿಗೂ ಅರ್ಥವಾಗುತ್ತದೆ, ಅಲ್ವಾ?

ತಂತಿ ಎಳೆದರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತ ಸುಮ್ನೆ ಹೇಳಲಾರೆ. ಝಾರ್ಖಂಡಿನ ಗೊಡ್ಡಾ ಸ್ಥಾವರದ ಕರೆಂಟ್ ಪೂರ್ತಿ ಬಾಂಗ್ಲಾಕ್ಕೆ ಅಂತಲೇ ಇತ್ತು. ಬಾಕಿ ಹಣದ ತಕರಾರಿನಲ್ಲಿ 2024ರ ಕೊನೆಗೆ ಅಲ್ಲಿಂದ ಪೂರೈಕೆ ಅರ್ಧಕ್ಕಿಂತ ಕೆಳಗಿಳಿಯಿತು. ಕೊಳ್ಳುವವರಿಗೆ ಒಬ್ಬರೇ ಮಾರಾಟಗಾರ ಇದ್ದರೆ ಅವಲಂಬನೆಯ ಭಯ ಹುಟ್ಟುತ್ತದೆ. ಚೀನಾದ ಪಾಲಿರುವ ನೇಪಾಳದ ಸ್ಥಾವರಗಳ ಕರೆಂಟನ್ನು ನಾವು ಕೊಳ್ಳುವುದಿಲ್ಲ ಅನ್ನುವುದೂ ಕಠ್ಮಂಡುವಿನಲ್ಲಿ ದೊಡ್ಡ ಅಸಮಾಧಾನ. ನಮ್ಮ ಭದ್ರತೆಯ ಕಾಳಜಿ ನನಗೆ ಗೊತ್ತು. ಆದರೆ ಅದೇ ನೆಪದಲ್ಲಿ ಪ್ರತಿ ಅರ್ಜಿಯನ್ನೂ ವರ್ಷಗಟ್ಟಲೆ ಎಳೆದರೆ, ನೇಪಾಳದ ಯಾವ ಹೂಡಿಕೆದಾರ ನಮ್ಮನ್ನು ನಂಬುತ್ತಾನೆ?

ನಾನು ಕೇಳುವುದು ಸಣ್ಣದು. ನಮ್ಮ ಗ್ರಿಡ್ ದಾಟುವ ಬಾಡಿಗೆ ಎಷ್ಟು, ಲೈನಿನಲ್ಲಿ ಎಷ್ಟು ಜಾಗ ಖಾಲಿ ಇದೆ, ಅರ್ಜಿಗೆ ಎಷ್ಟು ದಿನದಲ್ಲಿ ಉತ್ತರ, ಈ ಮೂರನ್ನು ಮೊದಲೇ ಪ್ರಕಟಿಸಲಿ. ಇಲ್ಲ ಎನ್ನುವುದಾದರೆ ಕಾರಣವನ್ನೂ ಬರೆದು ಕೊಡಲಿ. ಬಾಂಗ್ಲಾ ಈಗ ಭೂತಾನದ ಜಲವಿದ್ಯುತ್ತಿನ ಮೇಲೂ ಕಣ್ಣಿಟ್ಟಿದೆ. ಆ ಅರ್ಜಿ ದೆಹಲಿಗೆ ಬಂದಾಗ, ನೇಪಾಳದ 40 ಮೆಗಾವ್ಯಾಟ್‌ಗೆ ಹಿಡಿದಷ್ಟು ಕಾಲ ಹಿಡಿಯಬಾರದು.