ಹಿಂದುಮುಂದಾದ ಎಂಜಿನ್

ಶನಿವಾರ, 15 ಜೂನ್ 2024
ಸ್ಯಾಕ್ರಮೆಂಟೊ

ಅಪ್ಪ ಊರಿಂದ ಬಂದು ಮೂರು ವಾರ ಆಯ್ತು. ದೇವಸ್ಥಾನ, ಮಾಲ್ ಎಲ್ಲ ಮುಗಿದಿದ್ದವು. ಇವತ್ತು ಇಲ್ಲಿನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋದೆ. 4294 ನಂಬರಿನ ಸ್ಟೀಮ್ ಎಂಜಿನ್ ಎದುರು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ, "ಇದನ್ನ ಹಿಂದುಮುಂದು ನಿಲ್ಸಿದಾರಲ್ಲೋ" ಅಂದರು.

ಅವರ ತಪ್ಪಲ್ಲ. ಡ್ರೈವರ್ ಕೋಣೆ ಎಲ್ಲಕ್ಕಿಂತ ಮುಂದೆ, ಬಸ್ಸಿನ ಮುಖದ ಥರ. ಹೊಗೆ ಕೊಳವೆ ಎಲ್ಲೋ ದೂರ, ಹಿಂದೆ. ಚಕ್ರದ ಪಕ್ಕ ಅಪ್ಪನನ್ನು ನಿಲ್ಲಿಸಿದೆ, ಅವರ ಮೂಗಿನ ತನಕ ಬಂತು!

ಕಾರಣ ಹೊಗೆ. ಸಿಯೆರಾ ನೆವಾಡಾ ಬೆಟ್ಟ ಹತ್ತಲು ಸದರ್ನ್ ಪೆಸಿಫಿಕ್ ಕಂಪನಿ 1909ರಲ್ಲಿ ಎರಡು ದೊಡ್ಡ ಎಂಜಿನ್ ತರಿಸಿತು. ಆ ದಾರಿಯಲ್ಲಿ ಸುರಂಗಗಳು, ಜೊತೆಗೆ ಹಿಮ ಬೀಳದಿರಲಿ ಅಂತ ಹಳಿಯ ಮೇಲೆ ಕಟ್ಟಿದ ಮರದ ಮಾಡುಗಳು, ಎಲ್ಲ ಸೇರಿ 40 ಮೈಲಿ ಹತ್ತಿರ. ಮಾಡಿನೊಳಗೆ ಹೊಗೆ ಹೋಗಲು ಜಾಗವಿಲ್ಲ. ಒಳಗಿದ್ದವರಿಗೆ ಉಸಿರು ಕಟ್ಟುತ್ತಿತ್ತು. ಕೆಲವು ಡ್ರೈವರ್‌ಗಳು ಎಂಜಿನ್ನನ್ನು ರಿವರ್ಸ್‌ನಲ್ಲೇ ಓಡಿಸಿ ನೋಡಿದರಂತೆ. ಹೊಗೆ ತಪ್ಪಿತು, ಆದರೆ ಟೆಂಡರ್, ಅಂದರೆ ಎಂಜಿನ್ನಿಗೆ ಜೋಡಿಸಿದ ಇಂಧನ-ನೀರಿನ ಬಂಡಿ, ಅಡ್ಡ ಬಂದು ದಾರಿಯೇ ಕಾಣದು.

ಆಗ ಕಂಪನಿ ಎಂಜಿನ್ನನ್ನೇ ತಿರುಗಿಸಿ ಕಟ್ಟಿಸಿತು. 1910ರಿಂದ 1944ರ ತನಕ ಇಂಥವು 256 ಬಂದವು. ಕೊನೆಯದೇ ಈ 4294. ಉಳಿದಿರುವುದೂ ಇದೊಂದೇ. ಡಿಕ್ಕಿಯಾದರೆ ಮೊದಲ ಪೆಟ್ಟು ನಮಗೇ ಅಂತ ಡ್ರೈವರ್‌ಗಳಿಗೆ ಶುರುವಿನಲ್ಲಿ ಭಯವಿತ್ತು. ಇರದೇ ಇರುತ್ತಾ?

"ಹಾಗಾದ್ರೆ ಇದ್ದಲು ಹಾಕೋರು ಯಾರು?" ಅಪ್ಪನ ಪ್ರಶ್ನೆ. ಅರಸೀಕೆರೆ–ಹಾಸನ ರೈಲಲ್ಲಿ ಕಣ್ಣಿಗೆ ಇದ್ದಲು ಪುಡಿ ಹಾರಿಸಿಕೊಂಡು ಓಡಾಡಿದವರು ಅಲ್ವಾ, ಸರಿಯಾದ ಜಾಗಕ್ಕೇ ಕೈ ಹಾಕಿದರು. ಬೆಂಕಿ ಗೂಡು ಡ್ರೈವರ್ ಬೆನ್ನಿಗೆ, ಟೆಂಡರ್ ಮಾತ್ರ ಆ ತುದಿಗೆ. ನಡುವೆ ಇಡೀ ಬಾಯ್ಲರ್. ಸಲಿಕೆ ಹಿಡಿದವನು ಏನು ಮಾಡಿಯಾನು? ಆದರೆ ಇವು ಇದ್ದಲಿನವಲ್ಲ, ಎಣ್ಣೆಯವು. ಟ್ಯಾಂಕಿಗೆ ಸ್ವಲ್ಪ ಗಾಳಿ ಒತ್ತಡ ಕೊಟ್ಟರೆ ಎಣ್ಣೆ ಪೈಪಿನಲ್ಲಿ ಮುಂದಿನವರೆಗೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎಣ್ಣೆಗೆ ಬರವಿರಲಿಲ್ಲ. ನನ್ನ ಕೇಳಿದರೆ, ತಿರುಗಿಸಿದ್ದು ಬುದ್ಧಿ, ತಿರುಗಿಸಲು ಬಿಟ್ಟಿದ್ದು ಎಣ್ಣೆ.

ರಾತ್ರಿ ಅಪ್ಪ ಮನೆ ಗ್ರೂಪಿಗೆ ಫೋಟೋ ಹಾಕಿದರು. ಚಿಕ್ಕಪ್ಪನ ಉತ್ತರ ತಕ್ಷಣ ಬಂತು: "ಅಣ್ಣ, ಎಂಜಿನ್ ಮುಂದ್ಗಡೆದೂ ಒಂದು ಕಳ್ಸು." ಅರ್ಧ ಗಂಟೆಯಿಂದ ಅಪ್ಪ ಒಂದೇ ಬೆರಳಲ್ಲಿ ಟೈಪ್ ಮಾಡ್ತಾ ಕೂತಿದ್ದಾರೆ. ಇನ್ನೂ ಎಣ್ಣೆ ತನಕ ಬಂದಿಲ್ಲ.